ಸದ್ದಿಲ್ಲದ ವಾರ್ಡು

ಫೆಬ್ರವರಿ ೬

ನನ್ನ ತರಾತುರಿ ಮಗಳಿಗೆ,

ಫೋನ್ ಬೇಡ ಅಂದೆಯಲ್ಲ, ನನಗೂ ಅದೇ ಅನ್ನಿಸಿತ್ತು. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ, ನಾಲ್ಕನೇ ಮಾತಿಗೆ ಯಾರಾದರೊಬ್ಬರು ಕಟ್ ಮಾಡುತ್ತೇವೆ. ಕಾಗದದಲ್ಲಾದರೆ ಎದುರಿನವರು ಹೇಳುವುದನ್ನು ಕೊನೆಯವರೆಗೂ ಕೇಳಲೇಬೇಕು. ನಿನ್ನ ಮಾವ ನಗುತ್ತಾನೆ: “ಜೀವಮಾನ ಎಲ್ಲಾ ಕಂಪ್ಯೂಟರ್ ಮುಂದೆ ಕೂತೋಳು ಈಗ ಅಂಚೆ ಕವರ್ ಹುಡುಕ್ತಿದ್ದೀಯಲ್ಲೇ ಅಕ್ಕ!” ನಗಲಿ. ಅವನ ಮನೆಯಲ್ಲಿದ್ದೇನೆ, ಅವನು ನಗಬಹುದು.

ಆಸ್ಪತ್ರೆಯವರು ನಾನು ಕೂರುತ್ತಿದ್ದ ಕುರ್ಚಿಯಲ್ಲೇ ನಿನ್ನನ್ನು ಕೂರಿಸಿದ್ದಾರೆಂದು ಕೇಳಿ ಖುಷಿಯಾಯಿತು, ಸ್ವಲ್ಪ ಭಯವೂ ಆಯಿತು. ನಾನು ಬರೆದ ಆ ಸಾಫ್ಟ್‌ವೇರ್ ಮಾಡುವ ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಪ್ರತಿ ಬೆಡ್ಡಿನ ಪಕ್ಕದ ಯಂತ್ರ ರೋಗಿಯ ನಾಡಿ, ಉಸಿರು ಅಳೆದು ಕಳಿಸುತ್ತದೆ. ನಮ್ಮದು ಅದನ್ನು ನರ್ಸುಗಳ ಮೇಜಿನ ಪರದೆಗೆ ತಂದು ತೋರಿಸುತ್ತದೆ, ಹೆಚ್ಚುಕಡಿಮೆಯಾದರೆ ಅಲಾರಂ ಹೊಡೆಯುತ್ತದೆ. ಅಷ್ಟೇ. ಆದರೆ ಅದು ಹೊಡೆಯದೇ ಹೋದರೆ ಎಂದು ಯೋಚಿಸಿ ನಾನು ಎಷ್ಟೋ ಸಲ ಊಟ ಅರ್ಧಕ್ಕೆ ಬಿಟ್ಟು ಎದ್ದಿದ್ದೇನೆ.

ಮೊದಲ ತಿಂಗಳು ಏನನ್ನೂ ಮುಟ್ಟಬೇಡ, ಓದು. ಯಾವುದಾದರೂ ಸಾಲು ಅಸಂಬದ್ಧ ಅನ್ನಿಸಿದರೆ ಅಳಿಸುವ ಮೊದಲು ಅದು ಯಾಕಿದೆ ಎಂದು ಹುಡುಕು. ನಾನೇನು ಹುಚ್ಚಿಯಲ್ಲ, ಕಾರಣ ಇದ್ದೇ ಇರುತ್ತದೆ. ಬದಲಾಯಿಸುವುದಾದರೆ ಸಣ್ಣದಾಗಿ ಬದಲಾಯಿಸು, ವಾಪಸ್ ಬರುವ ದಾರಿ ಇಟ್ಟುಕೊಂಡು ಬದಲಾಯಿಸು. ಪ್ರತಿ ಬದಲಾವಣೆಯ ಜೊತೆ ಕಾರಣ ಬರೆಯಲು ಒಂದು ಜಾಗವಿದೆ. ಅದು ಖಾಲಿಯಿದ್ದರೆ ಬದಲಾವಣೆ ಮುಂದಕ್ಕೆ ಹೋಗದಂತೆ ನಾನೇ ಮಾಡಿಟ್ಟಿದ್ದೇನೆ. ಅಲ್ಲಿ ‘ಸರಿಪಡಿಸಿದೆ’ ಎಂದು ಗೀಚಿ ಕೈ ತೊಳೆದುಕೊಳ್ಳಬೇಡ. ಏನು ತಪ್ಪಿತ್ತು, ಯಾರಿಗೆ ತೊಂದರೆಯಾಯಿತು, ಬರೆ. ಮತ್ತೆ, ಓಡುತ್ತಿರುವ ಡೇಟಾಬೇಸಿಗೆ ಯಾವತ್ತೂ ನೇರವಾಗಿ ಕೈ ಹಾಕಬೇಡ, ಎಷ್ಟೇ ಆತುರವಿದ್ದರೂ.

ನನ್ನ ಎದೆ ಹಾಗೇ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಒಂದು ಕವಾಟ ಬದಲಿಸಬೇಕಂತೆ. ಸದ್ಯಕ್ಕೆ ಮಾತ್ರೆ ನುಂಗುತ್ತಿದ್ದೇನೆ.

ಬುದ್ಧಿ ಹೇಳುವುದು ಬಿಡಲಾರದ,
ನಿನ್ನ ಅಮ್ಮ


ಮಾರ್ಚ್ ೨

ಅಮ್ಮಾ,

ಓದಿದೆ. ನಿನ್ನ ಕಾಗದವನ್ನೂ, ನಿನ್ನ ಕೋಡನ್ನೂ. ಕೋಡಿನ ಮಧ್ಯದ ಟಿಪ್ಪಣಿಗಳಲ್ಲೂ ಬೈಯುತ್ತೀಯಲ್ಲ! ‘ಇದನ್ನು ಮುಟ್ಟುವವರು ಮೊದಲು ಕೈ ಕಟ್ಟಿ ಕೂತು ಕೆಳಗಿನದನ್ನು ಓದಿ.’ ನಾನು ನಿಜವಾಗಿಯೂ ಕೈ ಕಟ್ಟಿದೆ. ಪಕ್ಕದ ಮೇಜಿನವನು ಬಿದ್ದು ಬಿದ್ದು ನಕ್ಕ.

ಆದರೆ ಇಲ್ಲಿ ನಿಜವಾದ ಕಷ್ಟವೊಂದಿದೆ. ಅಲಾರಂ ಜಾಸ್ತಿ. ಎರಡನೇ ಮಹಡಿಯ ವಾರ್ಡಿಗೆ ಹೋಗಿ ಒಂದು ಗಂಟೆ ಕೂತಿದ್ದೆ. ಒಬ್ಬರು ಮಗ್ಗುಲು ಬದಲಿಸಿದರೆ ಅಲಾರಂ, ಕೆಮ್ಮಿದರೆ ಅಲಾರಂ, ಎದೆಗೆ ಅಂಟಿಸಿದ ತಂತಿ ಸಡಿಲವಾದರೆ ಅಲಾರಂ. ಸಂತೆಯಲ್ಲಿ ಕೂತ ಹಾಗಿತ್ತು. ದೊಡ್ಡ ಸಿಸ್ಟರ್ ನಿನ್ನನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ. ಅವರೇ ಹೇಳಿದರು: “ನಿಮ್ಮಮ್ಮನ ಹತ್ರ ಹೇಳಿ ಹೇಳಿ ಸಾಕಾಯ್ತು ಕಣಮ್ಮ. ನೀನಾದ್ರೂ ಇದರ ಬಾಯಿ ಮುಚ್ಚಿಸು. ಮನೆಗೆ ಹೋದ್ರೂ ಕಿವೀಲಿ ಕುಂಯ್ ಅಂತಿರುತ್ತೆ.”

ನನಗೊಂದು ಉಪಾಯ ಹೊಳೆದಿದೆ. ಅಲಾರಂ ಹೊಡೆದಾಗ ನರ್ಸ್ ಹೋಗಿ ನೋಡಿ, ಏನೂ ಇಲ್ಲದಿದ್ದರೆ ‘ಸುಳ್ಳು’ ಎಂಬ ಗುಂಡಿ ಒತ್ತುತ್ತಾರಲ್ಲ? ಒಂದೇ ಥರದ ಅಲಾರಂ ಪದೇ ಪದೇ ಸುಳ್ಳಾದರೆ ಸಾಫ್ಟ್‌ವೇರ್ ತಾನೇ ಅದನ್ನು ಕಲಿತುಕೊಳ್ಳಲಿ. ಆಮೇಲೆ ಅದೇ ಬಂದರೆ ಸದ್ದು ಬೇಡ, ಪರದೆಯ ಮೂಲೆಯಲ್ಲಿ ಸಣ್ಣ ಹಳದಿ ಚುಕ್ಕೆ ಸಾಕು.

ಇಲ್ಲಿ ಎಲ್ಲರೂ ನನ್ನನ್ನು ‘ಮೇಡಂ ಮಗಳು’ ಅನ್ನುತ್ತಾರೆ. ಬೇಜಾರಿಲ್ಲ, ಆದರೆ ಒಂದಾದರೂ ನನ್ನದು ಅನ್ನುವಂಥದ್ದು ಇರಲಿ ಅಂತ ಆಸೆ.

ಇಲ್ಲಿಯೂ ಹೆಸರಿಲ್ಲದ,
ನಿನ್ನ ಮಗಳು


ಮಾರ್ಚ್ ೧೧

ತರಾತುರಿಗೆ,

ಸಿಸ್ಟರ್ ಹೇಳಿದ್ದು ಸುಳ್ಳಲ್ಲ. ಮೂರು ಹೊತ್ತೂ ಕೂಗುವ ಅಲಾರಮ್ಮನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ನನ್ನ ಕಾಲದಲ್ಲಿ ಅದನ್ನು ಸರಿಮಾಡಲು ನನಗಾಗಲಿಲ್ಲ. ನಿನಗೆ ಹೊಳೆದಿದ್ದು ಒಳ್ಳೆಯದೇ. ಇದನ್ನು ಹೊಗಳಿಕೆ ಎಂದೇ ಓದಿಕೋ, ಹುಡುಕಿದರೂ ಇನ್ನೊಂದು ಸಿಗುವುದಿಲ್ಲ.

ಆದರೆ ಸದ್ದು ನಿಲ್ಲಿಸುವ ಮೊದಲು ಅದು ಯಾಕೆ ಬರುತ್ತಿದೆ ಎಂದು ನೋಡು. ತಂತಿ ಸಡಿಲವಾಗುವುದಾದರೆ ಅಂಟು ಚೆನ್ನಾಗಿರುವುದನ್ನು ತರಿಸಲು ಹೇಳು, ಅದಕ್ಕೆ ಕೋಡ್ ಬೇಕಾಗಿಲ್ಲ. ಮತ್ತೆ, ಬರೆದದ್ದನ್ನು ನೀನೇ ಕಟ್ಟಿದ ಸುಳ್ಳು ಲೆಕ್ಕಗಳ ಮೇಲೆ ಪರೀಕ್ಷಿಸಬೇಡ. ಹಳೆಯ ದಿನಗಳ ನಿಜವಾದ ದಾಖಲೆ ತೆಗೆದು, ಇಡೀ ಒಂದು ವಾರದ್ದರ ಮೇಲೆ ಓಡಿಸಿ ನೋಡು. ಒಂದು ವಾರದಲ್ಲಿ ವಾರ್ಡಿಗೆ ಜನ ಬರುತ್ತಾರೆ, ಹೋಗುತ್ತಾರೆ, ಬೆಡ್ ಬದಲಾಗುತ್ತದೆ, ಕರೆಂಟ್ ಹೋಗುತ್ತದೆ. ತಪ್ಪುಗಳೆಲ್ಲ ಅಂಥ ಜಾಗದಲ್ಲೇ ಕೂತಿರುತ್ತವೆ.

ಅವಸರ ಮಾಡಬೇಡ ಕಣೇ.

ಏದುಸಿರಿನಲ್ಲೇ,
ಅಮ್ಮ


ಏಪ್ರಿಲ್ ೧೯

ಅಮ್ಮಾ,

ನೀನೀಗ ಇಲ್ಲಿ ಇರಬೇಕಿತ್ತು! ನನ್ನದು ಓಡುತ್ತಿದೆ. ವಾರ್ಡಿನಲ್ಲಿ ಫ್ಯಾನಿನ ಸದ್ದು ಕೇಳುತ್ತಿದೆ ಅಮ್ಮ, ಫ್ಯಾನಿನ ಸದ್ದು! ಡಾಕ್ಟರುಗಳು ಮೆಟ್ಟಿಲ ಮೇಲೆ ನಿಲ್ಲಿಸಿ ಕೈ ಕುಲುಕುತ್ತಾರೆ. ಮ್ಯಾನೇಜರ್ ಇದಕ್ಕೆ ‘ಶಾಂತ ವಾರ್ಡ್’ ಎಂದು ಹೆಸರಿಟ್ಟು ಬಾಗಿಲಿಗೆ ಬೋರ್ಡನ್ನೂ ಹಾಕಿಸಿದ್ದಾರೆ. ಬೇರೆ ಆಸ್ಪತ್ರೆಗಳವರು ನೋಡಲು ಬರುತ್ತಿದ್ದಾರೆ. ಮೊನ್ನೆ ಕ್ಯಾಂಟೀನಿನಲ್ಲಿ ಯಾರೋ ನಿನ್ನನ್ನು ‘ಶಾಂತ ವಾರ್ಡ್ ಮಾಡಿದ್ರಲ್ಲ, ಅವರ ತಾಯಿ’ ಅಂದರು. ಎಷ್ಟು ಖುಷಿಯಾಯಿತೆಂದರೆ ಎರಡು ಕಾಫಿ ಕುಡಿದೆ.

ಹಳೇ ದಾಖಲೆಯ ಮೇಲೆ ಒಂದು ದಿನದ್ದು ಓಡಿಸಿದೆ. ವಾರದ್ದು ಓಡಿಸಲು ಸಮಯ ಸಿಗಲಿಲ್ಲ. ಒಂದು ತೊಡಕಿತ್ತು: ರೋಗಿಯ ನಂಬರು ಕೆಳಗಿನ ಕೌಂಟರಿನಿಂದ ಬರುವುದು ತಡ. ಬೆಡ್ ನಂಬರಾದರೆ ಯಾವಾಗಲೂ ಕೈಯಲ್ಲೇ ಇರುತ್ತದೆ. ಹಾಗಾಗಿ ಕಲಿತದ್ದನ್ನೆಲ್ಲ ಬೆಡ್ ನಂಬರಿಗೆ ಕಟ್ಟಿದೆ. ಕೆಲಸ ಸಲೀಸಾಯಿತು.

ಒಂದು ಮನಸ್ಸಿಗೆ ತಟ್ಟಿದ ವಿಷಯ ಹೇಳಬೇಕು. ಏಳನೇ ಬೆಡ್ಡಿನಲ್ಲಿ ಒಬ್ಬರು ಮೇಷ್ಟ್ರಿದ್ದರು, ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿದ್ದವರು. ಹೋದ ವಾರ ತೀರಿಕೊಂಡರು. ಅವರ ಹೆಂಡತಿ ಸಿಸ್ಟರುಗಳ ಕೈ ಹಿಡಿದುಕೊಂಡು, “ಒಂದ್ ಸದ್ದಿಲ್ಲ, ಗದ್ದಲ ಇಲ್ಲ, ನಿದ್ದೇಲೇ ಹೋಗ್ಬಿಟ್ರು. ಪುಣ್ಯವಂತ್ರು” ಅಂದರಂತೆ. ಕೇಳಿ ಕಣ್ಣು ತುಂಬಿತು.

ಬೀಗುತ್ತಿರುವ,
ನಿನ್ನ ಮಗಳು


ಏಪ್ರಿಲ್ ೨೫

ಮಗಳೇ,

ಏಳನೇ ಬೆಡ್ಡಿನಲ್ಲಿ ಮೇಷ್ಟ್ರಿಗಿಂತ ಮೊದಲು ಯಾರಿದ್ದರು? ಅವರ ಅಲಾರಂ ಎಷ್ಟು ಸಲ ಸುಳ್ಳಾಗಿತ್ತು?

ನೋಡಿ ಬರೆ. ಬೇರೆ ಏನೂ ಬರೆಯಬೇಡ.

ಅಮ್ಮ


ಮೇ ೧೪

ಮಗಳೇ,

ನೀನು ಉತ್ತರ ಬರೆದಿಲ್ಲ. ನಿನ್ನ ಮಾವ ದಿನಾ ಬೆಳಿಗ್ಗೆ ಗೇಟಿನ ಡಬ್ಬಿ ತೆಗೆದು ನೋಡಿ, ನನ್ನ ಮುಖ ನೋಡಿ ಒಳಗೆ ಹೋಗುತ್ತಾನೆ.

ಫೋನ್ ಮಾಡಬಹುದಿತ್ತು. ಎರಡು ಸಲ ಕೈಗೆತ್ತಿಕೊಂಡೆ, ಇಟ್ಟೆ. ನೀನು ಎತ್ತಿ ‘ಎಲ್ಲಾ ಸರಿಯಾಗಿದೆ ಅಮ್ಮ’ ಅಂದುಬಿಟ್ಟರೆ ನಾನು ನಂಬಿಬಿಡುತ್ತೇನೇನೋ ಎಂದು ಭಯ.

ಕಾಯುತ್ತಿರುವ,
ಅಮ್ಮ


ಮೇ ೨೨

ಅಮ್ಮಾ,

ನಿನ್ನ ಕಾಗದ ಬಂದ ದಿನವೇ ನೋಡಿದೆ. ಬರೆಯಲು ಕೈ ಏಳಲಿಲ್ಲ.

ಮೇಷ್ಟ್ರಿಗಿಂತ ಮೊದಲು ಅಲ್ಲಿದ್ದವನು ಒಬ್ಬ ಲಾರಿ ಡ್ರೈವರ್. ಒಂದು ಕಡೆ ಮಲಗಿದವನಲ್ಲ, ಹೊರಳಾಡಿ ಹೊರಳಾಡಿ ತಂತಿ ಕಿತ್ತುಕೊಳ್ಳುತ್ತಿದ್ದ. ನಾಡಿ ಬಿತ್ತು ಎಂದು ಯಂತ್ರ ಕೂಗುತ್ತಿತ್ತು, ಸಿಸ್ಟರುಗಳು ಓಡಿ ಬಂದು ಬೈದು, ಸುಳ್ಳು ಎಂದು ಒತ್ತುತ್ತಿದ್ದರು. ನನ್ನ ಸಾಫ್ಟ್‌ವೇರ್ ಕಲಿತುಕೊಂಡಿತು. ಅವನು ಗುಣವಾಗಿ ಮನೆಗೆ ಹೋದ. ಮಾರನೆಯ ದಿನ ಅದೇ ಬೆಡ್ಡಿಗೆ ಮೇಷ್ಟ್ರು ಬಂದರು. ಕಲಿತದ್ದು ಅಲ್ಲೇ ಇತ್ತು.

ಆ ದಿನದ ದಾಖಲೆ ತೆಗೆದು ನೋಡಿದೆ. ಮೇಷ್ಟ್ರ ನಾಡಿ ಇಳಿಯುತ್ತಾ ಹೋದದ್ದನ್ನು ಯಂತ್ರ ಕಳಿಸಿದೆ, ಬಿಡದೆ ಕಳಿಸಿದೆ. ಮಧ್ಯಾಹ್ನ, ನಾಲ್ಕು ಜನ ಸಿಸ್ಟರುಗಳು ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದಾಗ. ಪರದೆಯ ಮೂಲೆಯಲ್ಲಿ ಹಳದಿ ಚುಕ್ಕೆ ಬಂದಿದೆ, ಅಷ್ಟೇ.

ಮ್ಯಾನೇಜರಿಗೆ ಹೇಳಿದೆ. ಅವರು ಎದ್ದು ಬಾಗಿಲು ಹಾಕಿಕೊಂಡು ಬಂದರು. “ಅವರಿಗೆ ವಯಸ್ಸಾಗಿತ್ತು. ಅಲಾರಂ ಹೊಡೆದಿದ್ರೂ ಉಳೀತಿದ್ರು ಅಂತ ಯಾರು ಹೇಳ್ತಾರೆ? ಮುಂದಿನ ತಿಂಗಳ ಕೊನೇಲಿ ತಪಾಸಣೆ ತಂಡ ಬರುತ್ತೆ. ಅದು ಮುಗೀಲಿ, ಸದ್ದಿಲ್ಲದೆ ಸರಿ ಮಾಡೋಣ. ಈಗ ಮುಟ್ಟಿದ್ರೆ ಕಾರಣ ಬರೀಬೇಕಾಗುತ್ತೆ. ಏನಂತ ಬರೀತೀರಾ?”

ಎದ್ದು ಬಂದೆ ಅಮ್ಮ. ಮೇಷ್ಟ್ರ ಹೆಂಡತಿಯ ಮುಖವೇ ಕಣ್ಣ ಮುಂದೆ ಬರುತ್ತದೆ. ನಾನು ಅವರನ್ನು ನೋಡಿಯೇ ಇಲ್ಲ, ಆದರೂ ಬರುತ್ತದೆ.

ನಿನ್ನ,
ಮಗಳು


ಮೇ ೨೭

ನನ್ನ ಕಂದಾ,

ಬೈಯಬೇಕೆಂದು ಕೂತೆ, ಆಗಲಿಲ್ಲ. ನಾನು ಹತ್ತಿರವಿದ್ದಿದ್ದರೆ ಮೊದಲು ನಿನಗೆ ಊಟ ಹಾಕುತ್ತಿದ್ದೆ. ಊಟ ಬಿಟ್ಟಿರುತ್ತೀಯ, ನನಗೆ ಗೊತ್ತು.

ತಪ್ಪು ಎಲ್ಲರ ಕೈಯಲ್ಲೂ ಆಗುತ್ತದೆ. ಈ ಕೆಲಸಕ್ಕೆ ಬಂದ ಮೇಲೆ ಆಗಿಯೇ ಆಗುತ್ತದೆ. ತಪ್ಪು ಗೊತ್ತಾದ ಮೇಲೆ ಅದು ಓಡುತ್ತಲೇ ಇರಲು ಬಿಡುವುದು ಬೇರೆ ವಿಷಯ. ಇವತ್ತು ಆ ವಾರ್ಡಿನಲ್ಲಿ ಇಪ್ಪತ್ತನಾಲ್ಕು ಜನ ಮಲಗಿದ್ದಾರೆ. ಯಾರ ಬೆಡ್ ಏನು ಕಲಿತಿದೆಯೋ ಅವರಿಗೆ ಗೊತ್ತಿಲ್ಲ, ಅವರ ಮನೆಯವರಿಗೆ ಗೊತ್ತಿಲ್ಲ. ಗೊತ್ತಿರುವುದು ನಿನಗೆ, ನಿನ್ನ ಮ್ಯಾನೇಜರಿಗೆ, ಈಗ ನನಗೆ.

ರೋಗಿ ಬದಲಾದ ಕೂಡಲೇ ಕಲಿತದ್ದೆಲ್ಲ ಅಳಿಸಿ ಹೋಗುವಂತೆ ಮಾಡು. ಈಗ ಕಲಿತಿರುವುದನ್ನೂ ತೆಗೆ. ಕಾರಣ ಏನು ಬರೆಯಬೇಕು ಎಂದು ಅವರು ಕೇಳಿದರಲ್ಲ, ನಡೆದದ್ದನ್ನು ಬರೆ.

ಕೆಲಸ ಹೋದರೆ ಹೋಗಲಿ. ನಿನ್ನ ಮಾವನ ಮನೆ ದೊಡ್ಡದಿದೆ.

ನಿನ್ನ ಅಮ್ಮ


ಜೂನ್ ೧೦

ಅಮ್ಮಾ,

ಮೊದಲು ಒಳ್ಳೆಯ ಸುದ್ದಿ. ನಿನ್ನ ಕವಾಟದ ಆಪರೇಷನ್ನಿಗೆ ನಮ್ಮ ಆಸ್ಪತ್ರೆಯಲ್ಲೇ ದಿನ ಸಿಕ್ಕಿದೆ, ಇದೇ ಹದಿನೆಂಟಕ್ಕೆ. ಹದಿನಾರಕ್ಕೆ ಬಂದು ಸೇರಿಕೊಳ್ಳಬೇಕು. ಮಾವ ನಿನ್ನನ್ನು ಕರೆತರುತ್ತಾರೆ, ಮಾತಾಡಿದ್ದೇನೆ. ಈ ಆಪರೇಷನ್ ಮಾಡುವ ಡಾಕ್ಟರು ಸುತ್ತಮುತ್ತ ಬೇರೆಲ್ಲೂ ಇಲ್ಲ, ಹಟ ಮಾಡಬೇಡ.

ನಿನಗೆ ಎರಡನೇ ಮಹಡಿಯಲ್ಲಿ ಹನ್ನೆರಡನೇ ಬೆಡ್, ಕಿಟಕಿಯ ಪಕ್ಕ. ಭಯಪಡಬೇಡ. ಆ ಬೆಡ್ ಕಲಿತದ್ದನ್ನೆಲ್ಲ ನಾನೇ ತೆಗೆದಿದ್ದೇನೆ. ಡೇಟಾಬೇಸಿಗೆ ನೇರವಾಗಿ ಕೈ ಹಾಕಿದೆ, ಹೌದು, ನೀನು ಬೇಡ ಎಂದಿದ್ದನ್ನೇ ಮಾಡಿದೆ. ಒಂದೇ ಸಾಲು, ಯಾರಿಗೂ ಗೊತ್ತಾಗುವುದಿಲ್ಲ. ನೀನು ಮಗ್ಗುಲು ಬದಲಿಸಿದರೂ ಅಲ್ಲಿ ಅಲಾರಂ ಹೊಡೆಯುತ್ತದೆ.

ಬೇಗ ಬಾ,
ಮಗಳು


ಜೂನ್ ೧೩

ಮಗಳೇ,

ಬರುತ್ತೇನೆ. ಚೀಲ ತುಂಬಿಟ್ಟಿದ್ದೇನೆ. ನಿನ್ನ ಮಾವ ನನಗಿಂತ ಹೆಚ್ಚು ಹೆದರಿದ್ದಾನೆ, ನಾನೇ ಸಮಾಧಾನ ಹೇಳುತ್ತಿದ್ದೇನೆ.

ಹನ್ನೆರಡನೆಯದನ್ನು ತೊಳೆದಿಟ್ಟೆ ಅಂದೆ. ಹನ್ನೊಂದು? ಹದಿಮೂರು?

ಅಮ್ಮ


ಜೂನ್ ೧೫

ಅಮ್ಮಾ,

ನೀನು ಇಲ್ಲಿಗೆ ಬಂದ ಕೂಡಲೇ ನಿನ್ನ ಕೈಗೆ ಸಿಗಲಿ ಎಂದು ಇದನ್ನು ದೊಡ್ಡ ಸಿಸ್ಟರ್ ಹತ್ತಿರ ಕೊಟ್ಟಿರುತ್ತೇನೆ. ಎದುರಿಗೆ ನಿಂತರೆ ನಾನು ಇದನ್ನು ಹೇಳಲಾರೆ.

ಎಲ್ಲವನ್ನೂ ತೆಗೆದರೆ ಅಷ್ಟೂ ಬೆಡ್ಡುಗಳು ಒಟ್ಟಿಗೆ ಕೂಗಲು ಶುರುಮಾಡುತ್ತವೆ. ಬಾಗಿಲಲ್ಲಿ ‘ಶಾಂತ ವಾರ್ಡ್’ ಬೋರ್ಡ್ ತೂಗುತ್ತಿರುವಾಗ. ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಮೇಷ್ಟ್ರ ಹೆಂಡತಿ ಕೇಳುತ್ತಾರೆ. ಅವರು ಪುಣ್ಯವಂತರು ಅಂದುಕೊಂಡು ನೆಮ್ಮದಿಯಾಗಿದ್ದಾರೆ, ಅವರಿಗೆ ನಾನು ಏನು ಹೇಳಲಿ? ಇನ್ನು ಎರಡೇ ವಾರ, ತಪಾಸಣೆ ಮುಗಿಯುತ್ತದೆ, ಆಮೇಲೆ ಮಾಡುತ್ತೇನೆ. ಆಣೆ ಇಟ್ಟು ಹೇಳುತ್ತೇನೆ. ಅಷ್ಟರಲ್ಲಿ ಏನೂ ಆಗುವುದಿಲ್ಲ. ದಿನಾ ಬೆಳಿಗ್ಗೆ ಬಂದು ನಾನೇ ಹಳದಿ ಚುಕ್ಕೆಗಳನ್ನು ನೋಡುತ್ತಿದ್ದೇನೆ.

ನಿನಗೊಬ್ಬಳಿಗಾದರೂ ಮಾಡಿದೆನಲ್ಲ, ಅದಕ್ಕೆ ಒಂದು ಒಳ್ಳೆ ಮಾತು ಬರೆಯಬಾರದಿತ್ತಾ? ಯಾರ ಮಗಳಾದರೂ ಅದನ್ನೇ ಮಾಡುತ್ತಿದ್ದಳು. ನನಗೆ ನೀನು ಬೇಕು ಅಮ್ಮ. ಉಳಿದದ್ದು ನನ್ನ ತಲೆಗೆ ಹೋಗುತ್ತಿಲ್ಲ.

ಕೋಪದಲ್ಲಿರುವ, ಹೆದರಿರುವ,
ನಿನ್ನ ಮಗಳು


ಜೂನ್ ೧೭

ನನ್ನ ಪುಟ್ಟ ಮಗಳಿಗೆ,

ಆಪರೇಷನ್ನಿನವರ ವಾರ್ಡಿಗೆ ಈಗ ನರ್ಸು, ಡಾಕ್ಟರು ಬಿಟ್ಟು ಬೇರೆ ಯಾರೂ, ನೀನೂ, ಬರುವ ಹಾಗಿಲ್ಲವಂತೆ, ಸೋಂಕಿನ ಭಯ. ಹಾಗಾಗಿ ಇದನ್ನು ಸಿಸ್ಟರ್ ಕೈಯಲ್ಲಿ ಕೆಳಗೆ ಕಳಿಸುತ್ತಿದ್ದೇನೆ. ಗಾಜಿನ ಆಚೆ ನೀನು ನಿಂತು ಕೈ ಬೀಸಿದ್ದನ್ನು ನೋಡಿದೆ. ಸೊರಗಿದ್ದೀಯ.

ನಿನಗೆ ನಾನು ಬೇಕು ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ನನಗೂ ನೀನು ಬೇಕು. ಸಾಯುವ ಆಸೆ ನನಗೆ ಒಂದಿಷ್ಟೂ ಇಲ್ಲ. ಇನ್ನೂ ಬಹಳ ದಿನ ಬದುಕಿ ನಿನ್ನ ತಲೆ ತಿನ್ನಬೇಕೆಂದಿದ್ದೇನೆ.

ಆದರೆ ಇಲ್ಲಿ ಮಲಗಿ ಸುತ್ತ ನೋಡಿದೆ. ಈ ಕಡೆಯವಳು ಬಸ್ ಕಂಡಕ್ಟರ್, ಮಾತಿನ ಮಲ್ಲಿ. ಗಂಡನಿಗೆ ಅಡುಗೆ ಬರುವುದಿಲ್ಲ ಎಂದು ಅವಳಿಗೆ ಆಪರೇಷನ್ನಿಗಿಂತ ಅದೇ ಚಿಂತೆ. ಆ ಕಡೆಯವಳಿಗೆ ನಿನ್ನ ವಯಸ್ಸು. ಅವಳ ಅಮ್ಮನೂ ಗಾಜಿನ ಆಚೆ ನಿನ್ನ ಪಕ್ಕದಲ್ಲೇ ನಿಂತಿದ್ದಳು, ನೀನು ನೋಡಿರುತ್ತೀಯ. ಮೇಜಿನ ಪರದೆ ನನಗೆ ಕಾಣುತ್ತದೆ. ಎಲ್ಲೆಲ್ಲಿ ಹಳದಿ ಚುಕ್ಕೆಗಳು ಬಂದು ಹೋಗುತ್ತವೆ ಎಂದು ನೋಡುತ್ತಾ ಮಲಗಿದ್ದೆ. ಯಾರೂ ಅದರ ಕಡೆ ತಿರುಗುವುದಿಲ್ಲ ಮಗಳೇ, ಒಬ್ಬರೂ.

ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ದೊಡ್ಡ ಸಿಸ್ಟರ್ ಹತ್ತಿರ ಗೊಣಗಿದೆ. ಹಳೇ ಸ್ನೇಹ, ಬೆಡ್ ಬದಲಿಸಿ ಕೊಟ್ಟರು. ಕಿಟಕಿಯ ಪಕ್ಕಕ್ಕೆ ಆ ಹುಡುಗಿ ಹೋಗಿದ್ದಾಳೆ. ನಾನು ಚುಕ್ಕೆ ಬರುವ ಬೆಡ್ಡೊಂದರಲ್ಲಿ ಮಲಗಿದ್ದೇನೆ. ನಾಳೆ ಆಪರೇಷನ್ ಆದ ಮೇಲೂ ನನ್ನನ್ನು ಇಲ್ಲಿಗೇ ತಂದು ಹಾಕುತ್ತಾರೆ.

ಯಾವ ಬೆಡ್ ಎಂದು ಹೇಳುವುದಿಲ್ಲ. ನೀನು ಹುಡುಕಬಹುದು, ನಿನಗೆ ಒಂದು ನಿಮಿಷದ ಕೆಲಸ. ಹುಡುಕಿ ಅದೊಂದನ್ನೇ ತೊಳೆಯಲೂಬಹುದು. ನಾನು ಎದ್ದು ಬಂದು ತಡೆಯುವ ಸ್ಥಿತಿಯಲ್ಲಿಲ್ಲ.

ಊಟ ಮಾಡು.

ನಿನ್ನ ಮೇಲೆ ನಂಬಿಕೆಯಿರುವ,
ಅಮ್ಮ


ಜೂನ್ ೧೮

ಅಮ್ಮಾ,

ನೀನು ಎದ್ದ ಮೇಲೆ ಓದಲಿ ಎಂದು ಬರೆಯುತ್ತಿದ್ದೇನೆ. ಆಪರೇಷನ್ ಚೆನ್ನಾಗಿ ಆಯಿತೆಂದು ಡಾಕ್ಟರು ಹೇಳಿದರು. ನಿನ್ನನ್ನು ವಾರ್ಡಿಗೆ ತಂದಿದ್ದಾರೆ. ನಾನು ಗಾಜಿನ ಈಚೆ ಬೆಂಚಿನ ಮೇಲೆ ಕೂತಿದ್ದೇನೆ. ಒಳಗೆ ಬೆಡ್ಡುಗಳ ಸುತ್ತ ಪರದೆ ಎಳೆದಿದ್ದಾರೆ, ಯಾರು ಎಲ್ಲಿದ್ದಾರೆಂದು ಕಾಣುವುದಿಲ್ಲ.

ನಿನ್ನೆ ನಿನ್ನ ಕಾಗದ ಓದಿ ಸಿಟ್ಟಿನಲ್ಲಿ ಅತ್ತೆ. ಕಂಪ್ಯೂಟರ್ ತೆಗೆದು ನಿನ್ನ ಹೆಸರನ್ನು ಅರ್ಧ ಟೈಪ್ ಮಾಡಿದೆ. ಆಮೇಲೆ ಅಳಿಸಿದೆ. ನೀನು ಹೇಳಿದ ಹಾಗೇ ಬದಲಾವಣೆ ಬರೆದೆ, ಈ ಸಲ ಇಡೀ ವಾರದ ದಾಖಲೆಯ ಮೇಲೆ ಓಡಿಸಿ ನೋಡಿದೆ. ಕಾರಣದ ಜಾಗದಲ್ಲಿ ಬರೆದೆ: ‘ಹಿಂದಿನ ರೋಗಿಯಿಂದ ಕಲಿತ ಮೌನ ಹೊಸ ರೋಗಿಗೂ ಮುಂದುವರಿಯುತ್ತಿದೆ. ಏಳನೇ ಬೆಡ್ಡಿನಲ್ಲಿ ಒಬ್ಬರ ನಾಡಿ ಇಳಿದದ್ದು ಇದರಿಂದ ಯಾರಿಗೂ ಕೇಳಿಸಲಿಲ್ಲ, ಅವರು ತೀರಿಕೊಂಡರು. ಬರೆದವಳು ನಾನು.’ ಸ್ವಲ್ಪ ಹೊತ್ತಿನ ಹಿಂದೆ ಆ ಬದಲಾವಣೆ ಜಾರಿಗೆ ಬಂತು. ಇಪ್ಪತ್ತನಾಲ್ಕೂ ಬೆಡ್ಡುಗಳದ್ದು ಅಳಿಸಿದೆ. ಮ್ಯಾನೇಜರ್ ಫೋನ್ ಮಾಡುತ್ತಲೇ ಇದ್ದಾರೆ. ನಾನು ಎತ್ತಿಲ್ಲ.

ವಾರ್ಡು ಮತ್ತೆ ಸಂತೆಯಾಗಿದೆ. ಮೊದಲು ಒಂದು ಕೂಗಿತು, ಆಮೇಲೆ ಎರಡು, ಈಗ ಎಲ್ಲ ಕಡೆಯಿಂದಲೂ. ಬಾಗಿಲು ತೆರೆದಾಗ ದೊಡ್ಡ ಸಿಸ್ಟರ್ ಅಂದದ್ದು ಕೇಳಿಸಿತು: “ಮತ್ತೆ ಶುರುವಾಯ್ತಲ್ಲಪ್ಪಾ ಇದರ ರಾಗ. ಏನೋ ಕೆಟ್ಟಿರ್ಬೇಕು, ಬಿಡಿ, ಅವರೇ ಸರಿ ಮಾಡ್ತಾರೆ.” ಅವರಿಗೆ ಓಡುವ ಅಭ್ಯಾಸ ತಪ್ಪಿಹೋಗಿದೆ ಅಮ್ಮ. ಇದನ್ನು ನಾನು ಯೋಚಿಸಿರಲಿಲ್ಲ. ನೀನೂ ಯೋಚಿಸಿರಲಿಲ್ಲ.

ಬಾಗಿಲ ಬೆಲ್ ಒತ್ತಿದೆ. ಕೆಟ್ಟಿಲ್ಲ, ಅಲಾರಮ್ಮುಗಳು ನಿಜ ಎಂದು ಹೇಳಬೇಕಿತ್ತು. ಅಷ್ಟು ಗದ್ದಲದಲ್ಲಿ ಬೆಲ್ ಯಾರಿಗೂ ಕೇಳಿಸಲಿಲ್ಲ.

ಈಗ ಒಂದೊಂದಾಗಿ ತಾವಾಗಿಯೇ ನಿಲ್ಲುತ್ತಿವೆ. ಒಂದು ಮಾತ್ರ ನಿಂತಿಲ್ಲ, ಒಳಗಿನ ಸಾಲಿನಲ್ಲಿ ಎಲ್ಲೋ ಇದೆ, ಒಂದೇ ಸಮನೆ ಕೂಗುತ್ತಿದೆ. ನಿನ್ನದೋ, ಆ ಕಂಡಕ್ಟರಮ್ಮನದೋ, ಕಿಟಕಿಯ ಪಕ್ಕದ ಹುಡುಗಿಯದೋ ನನಗೆ ಗೊತ್ತಿಲ್ಲ. ನಾನು ಹುಡುಕಿ ನೋಡಿಲ್ಲ. ಸಿಸ್ಟರುಗಳು ಮೇಜಿನ ಸುತ್ತ ಕೂತಿದ್ದಾರೆ. ಒಬ್ಬರು ತಲೆಯೆತ್ತಿ ನೋಡಿ ಮತ್ತೆ ಬರೆಯಲು ಬಗ್ಗಿದರು.

ಯಾರೂ ಏಳುತ್ತಿಲ್ಲ. ಪೆನ್ನು ಇಡುತ್ತೇನೆ ಅಮ್ಮ, ಗಾಜು ಬಡಿಯಬೇಕು.